ದಂತದ ಹಿಡಿ

ಡಾಕ್ಟರ್ ದಿವಾಕರ್ ಆ ಪೆಟ್ಟಿಗೆಯನ್ನು ಸಿಡ್ನಿಯಿಂದ ವಿಮಾನದಲ್ಲಿ ತೊಡೆಯ ಮೇಲಿಟ್ಟುಕೊಂಡೇ ತಂದಿದ್ದರು. ಮೆಲ್ಬರ್ನಿನಲ್ಲಿ ಯಾರದೋ ಗೃಹಪ್ರವೇಶಕ್ಕೆ ಬಂದವರು ಊಟ ಮುಗಿಸಿದ್ದೇ, ಉಟ್ಟ ರೇಷ್ಮೆ ಪಂಚೆಯ ಮೇಲೆ ದಪ್ಪ ಕೋಟು ಏರಿಸಿಕೊಂಡು, ಅದೇ ಊರಿನ ಅಂಚಿನ ಡ್ಯಾಂಡಿನಾಂಗಿನಲ್ಲಿದ್ದ ಗಿರೀಶನ ಬಾಡಿಗೆ ಮನೆಗೆ ಬಂದಿಳಿದರು. ಗಿರೀಶನ ಹೆಂಡತಿ ಸುಜಾತಾ ಕಾಫಿಗೆ ಹಾಲಿಡುವಷ್ಟರಲ್ಲಿ ಅವನನ್ನು ಎಬ್ಬಿಸಿಕೊಂಡು ಗ್ಯಾರೇಜಿಗೆ ನಡೆದೂ ಆಗಿತ್ತು.

ಗ್ಯಾರೇಜಿನಲ್ಲಿ ಕಾರು ಇರುತ್ತಿರಲಿಲ್ಲ. ಗಿರೀಶ ಅಲ್ಲಿ ಗೋಡೆಯುದ್ದಕ್ಕೂ ಹಲಗೆ ಹೊಡೆದು, ಅಪ್ಪನಿಂದ ಬಂದ ಉಳಿ, ಅರ, ಸಣ್ಣ ಹಲ್ಲಿನ ಗರಗಸಗಳನ್ನು ಸಾಲಾಗಿ ಇಟ್ಟುಕೊಂಡಿದ್ದ. ಈ ದೇಶಕ್ಕೆ ಬಂದ ಮೇಲೆ ಅವಕ್ಕೆ ಹೇಳಿಕೊಳ್ಳುವಂಥ ಕೆಲಸ ಸಿಕ್ಕಿರಲಿಲ್ಲ. ತುಕ್ಕು ಹಿಡಿಯದಿರಲಿ ಎಂದು ಆಗಾಗ ಎಣ್ಣೆ ಸವರುತ್ತಿದ್ದ, ಅಷ್ಟೇ.

ಅವನ ಮನೆಯವರು ಮೈಸೂರಿನ ಹೊರಗಿನ ಒಂದು ಹಳ್ಳಿಯವರು. ಮಳೆಗಾಲದಲ್ಲಿ ರಾಗಿ ಹೊಲ, ಸುಗ್ಗಿ ಮುಗಿದ ಮೇಲೆ ಬೀಟೆ ಮರದ ಹಲಗೆಗೆ ದಂತ ಕೂರಿಸುವ ಕೆಲಸ. ಆನೆ, ಜಿಂಕೆ, ಬಳ್ಳಿ ಎಂದು ದಂತವನ್ನು ಕೊಯ್ದು, ಮರದಲ್ಲಿ ಅದೇ ಆಕಾರದ ಗುಳಿ ತೋಡಿ, ಬಿಸಿ ಅಂಟು ಹಾಕಿ ಕೂರಿಸಿ, ಉಜ್ಜಿ ಉಜ್ಜಿ ಒಂದು ಮಾಡಬೇಕು. ಉಜ್ಜಿದ್ದು ಮುಗಿದ ಮೇಲೆ ಅಪ್ಪ ಕಣ್ಣು ಮುಚ್ಚಿಕೊಂಡು ಹಲಗೆಯ ಮೇಲೆ ಉಗುರು ಎಳೆಯುತ್ತಿದ್ದ. ಉಗುರು ಎಲ್ಲಾದರೂ ತಡೆಯಿತೋ, ಹಲಗೆ ವಾಪಸ್ಸು ಮಗನ ತೊಡೆಗೆ ಬೀಳುತ್ತಿತ್ತು. "ಹಳ್ಳ ಬಿಡಬ್ಯಾಡ ಕಣ್ಲಾ" ಅನ್ನುವುದು ಬಿಟ್ಟರೆ ಅವನು ಬಾಯಿಬಿಟ್ಟು ಕಲಿಸಿದ್ದು ಕಡಿಮೆ. ದಂತದಲ್ಲಿ ಹಳ್ಳ ಉಳಿಯಿತೆಂದರೆ ಗಾಯ ಉಳಿಯಿತು ಅಂತಲೇ ಆ ಮನೆಯಲ್ಲಿ ಲೆಕ್ಕ.

ಸರ್ಕಾರ ದಂತ ಮುಟ್ಟಬಾರದು ಎಂದ ಮೇಲೆ ಊರಿನಲ್ಲಿ ತಮ್ಮ ಪ್ಲಾಸ್ಟಿಕ್ ಕೂರಿಸುತ್ತಿದ್ದಾನೆ. ಇಲ್ಲಿ ಗಿರೀಶ ಅಡುಗೆಮನೆಯ ಕಪಾಟು ಮಾಡುವ ಫ್ಯಾಕ್ಟರಿಯಲ್ಲಿ ಚಿಪ್‌ಬೋರ್ಡ್ ಕೊಯ್ಯುತ್ತಾನೆ. ಮರದ ಹೊಟ್ಟಿಗೆ ಅಂಟು ಬೆರೆಸಿ ಒತ್ತಿದ ಹಲಗೆ ಅದು. ಎಳೆಯಿಲ್ಲ, ದಿಕ್ಕಿಲ್ಲ, ಎಲ್ಲಿ ಕೊಯ್ದರೂ ಒಂದೇ. ಸಂಜೆ ಮೂಗು ಸೀನಿದರೆ ಕಂದು ಬಣ್ಣದ ಹೊಟ್ಟು ಬರುತ್ತಿತ್ತು. ಅಲ್ಲಿನ ಮೇಸ್ತ್ರಿ ಅವನ ಹೆಸರು ಹೇಳಲು ಬಾರದೆ 'ಗ್ಯಾರಿ' ಎಂದು ಕರೆಯುತ್ತಿದ್ದ. ಮೊದಲ ವರ್ಷ ಗಿರೀಶ ತಿದ್ದಿದ. ಆಮೇಲೆ ಬಿಟ್ಟ. ಬಿಟ್ಟದ್ದಕ್ಕೆ ತನ್ನ ಮೇಲೇ ಸಿಟ್ಟಾಗಿದ್ದ. ಆ ಸಿಟ್ಟನ್ನು ಮನೆಗೆ ತಂದು, ಚಪ್ಪಲಿಯ ಜೊತೆ ಬಾಗಿಲಲ್ಲಿ ಬಿಡಲಾಗದೆ, ಒಳಗೂ ಹೊತ್ತುಕೊಂಡು ಹೋಗುತ್ತಿದ್ದ.

ಡಾಕ್ಟರು ಪೆಟ್ಟಿಗೆಯ ಮುಚ್ಚಳ ತೆಗೆದರು. ಒಳಗೆ ಹತ್ತಿಯ ಮೇಲೆ ಕಂದಿ ಕಪ್ಪಾದ ಕೆಲವು ತುಂಡುಗಳು ಮಲಗಿದ್ದವು. ಹಳೇ ಕೊಬ್ಬಿನ ಕಮಟು ವಾಸನೆ ಗ್ಯಾರೇಜಿಗೆ ಹಬ್ಬಿತು.

"ಹರಾಜಲ್ಲಿ ಹಿಡಿದೆ ಕಣೋ ಗಿರೀಶ. ಯಾವನೋ ಹಡಗಿನ ಡಾಕ್ಟರು, ನನ್ನ ಹಾಗೇ. ಹೋದ ಶತಮಾನದಲ್ಲಿ ಉತ್ತರ ಧ್ರುವದ ದಾರಿ ಹುಡುಕ್ತೀನಿ ಅಂತ ಹೋದೋರ ಜೊತೆ ಹೋಗಿ, ಹಡಗು ಮಂಜಲ್ಲಿ ಸಿಕ್ಕಿಹಾಕ್ಕೊಂಡು, ಎರಡು ಚಳಿಗಾಲ ಅಲ್ಲೇ ಇದ್ನಂತೆ. ಎಸ್ಕಿಮೊಗಳಿಗೆ ತಂಬಾಕು ಕೊಟ್ಟು ಇವನ್ನ ಈಸ್ಕೊಂಡ. ಆಮೇಲೆ ಸಿಡ್ನೀಗೆ ಬಂದು ಸೆಟ್ಲ್ ಆದ. ಮರಿಮಕ್ಕಳಿಗೆ ಇದೆಲ್ಲ ಕಸ."

ಗಿರೀಶ ಒಂದೊಂದಾಗಿ ಎತ್ತಿ ನೋಡಿದ. ಮೀನು ಹೊಡೆಯುವ ಭರ್ಜಿಯ ಮೊನೆ. ಒಳಗೆ ಪೊಳ್ಳಾದ ಸೂಜಿಗೂಡು. ಮಂಜಿನ ಬಿಳುಪಿಗೆ ಕಣ್ಣು ಕುಕ್ಕದಿರಲೆಂದು ಸಣ್ಣ ಸೀಳಿಟ್ಟ ಕನ್ನಡಕ. ಕೊನೆಯದು ಮುಷ್ಟಿಯಷ್ಟು ಗಾತ್ರದ ಒಂದು ಹಿಡಿ, ತುದಿಯಲ್ಲಿ ಏನನ್ನೋ ಸಿಕ್ಕಿಸುವ ಸೀಳು. ಆನೆಯ ದಂತವಲ್ಲ ಎಂದು ತೂಕದಲ್ಲೇ ಗೊತ್ತಾಯಿತು. ಮುರಿದ ಅಂಚಿನಲ್ಲಿ ತಿರುಳು ಬೆಂದ ನುಚ್ಚಿನ ಹಾಗೆ ಹರಳು ಹರಳಾಗಿತ್ತು.

"ವಾಲ್ರಸ್ ಅಂತ. ಸಮುದ್ರದ ಪ್ರಾಣಿ. ಅದರ ಕೋರೆ" ಎಂದರು ಡಾಕ್ಟರು. "ಏನು ಮಾಡ್ಬೇಕು ಗೊತ್ತಾ? ಕ್ಲೀನ್ ಮಾಡು. ಹೊಳೀಬೇಕು. ಸವೆದಿದ್ದು, ತಿಂದುಹೋಗಿದ್ದು ಎಲ್ಲ ಸರಿಮಾಡು. ನೋಡ್ದೋರು ನೆನ್ನೆ ಮಾಡಿದ್ದು ಅನ್ಬೇಕು."

"ಹಳೇದಲ್ವಾ ಡಾಕ್ಟ್ರೇ?"

"ಹಳೇದಾದ್ರೆ ಕೊಳಕಾಗಿರ್ಬೇಕಾ? ನಿಮ್ಮಪ್ಪ ನನ್ನ ಮದುವೆಗೆ ಮಾಡಿಕೊಟ್ಟ ಪೆಟ್ಟಿಗೆ ಇವತ್ತೂ ಕನ್ನಡಿ ಹಂಗಿದೆ. ಆ ಕೈ ಬೇಕು ನನಗೆ." ಡಾಕ್ಟರು ದನಿ ತಗ್ಗಿಸಿದರು. "ಕೇಳು. ನನ್ನ ಪೇಷಂಟ್ ಒಬ್ಬ ಇದಾನೆ, ಪೀಟರ್ ಅಂತ, ಸಿಡ್ನೀಲಿ ಮ್ಯೂಸಿಯಂನೋನು. ಅವರಿಗೆ ಒಬ್ಬ ಕೈಕೆಲಸದೋನು ಬೇಕಂತೆ. ಮೂಳೆ, ದಂತ, ಹಳೇ ಮರ ರಿಪೇರಿ. ಪರ್ಮನೆಂಟು. ಇದನ್ನ ನಾನು ಅವರಿಗೆ ದಾನ ಕೊಡ್ತಿದೀನಿ, ನನ್ನ ಹೆಸರಲ್ಲಿ. ನಿನ್ನ ಕೆಲಸ ಅವನ ಕಣ್ಣಿಗೆ ಬಿದ್ರೆ ಸಾಕು. ಆ ಹೊಟ್ಟಿನ ಫ್ಯಾಕ್ಟರಿಗೆ ಕೈ ಮುಗಿದು ಬಂದ್ಬಿಡು."

ಕಾಫಿ ಆರಿಹೋಗುತ್ತಿದೆ ಎಂದು ಸುಜಾತಾ ಮೂರನೇ ಸಲ ಕೂಗುವವರೆಗೂ ಗಿರೀಶ ಪೆಟ್ಟಿಗೆಯ ಪಕ್ಕದಿಂದ ಏಳಲಿಲ್ಲ.

ಆ ಚಳಿಗಾಲವೆಲ್ಲ ಅವನು ಫ್ಯಾಕ್ಟರಿಯಿಂದ ಬಂದವನೇ ಗ್ಯಾರೇಜು ಸೇರಿದ. ಅಂಟುವಾಳದ ನೀರಿನಲ್ಲಿ ತುಂಡುಗಳನ್ನು ತಿಕ್ಕಿದ. ಜಿಡ್ಡು ಪದರಪದರವಾಗಿ ಬಿಟ್ಟಿತು; ನೀರು ಎಳ್ಳಿನ ಹಿಂಡಿ ಕಲಸಿದ ಹಾಗೆ ಕಪ್ಪಾಯಿತು. ಬಿಸಿಲು ಬಂದ ಶನಿವಾರಗಳಲ್ಲಿ ಬಟ್ಟೆ ಒಣಗಿಸುವ ತಂತಿಯ ಕೆಳಗೆ ಮೊರದಲ್ಲಿ ಹರವಿಟ್ಟ. ಸೀಮೆಸುಣ್ಣದ ಪುಡಿಯಲ್ಲಿ ಉಜ್ಜಿದ. ಭರ್ಜಿಯ ಮೊನೆ, ಸೂಜಿಗೂಡು, ಕನ್ನಡಕ, ಒಂದರ ಹಿಂದೆ ಒಂದು ಹಾಲಿನ ಬಣ್ಣಕ್ಕೆ ಬಂದವು. ಹಿಡಿ ಮಾತ್ರ ಉಳಿಯಿತು.

ಅದು ಯಾವ ಕಡೆಯಿಂದ ನೋಡಿದರೂ ಸೊಟ್ಟ. ಒಂದು ಮಗ್ಗುಲಲ್ಲಿ ಆಳವಾದ ಹಳ್ಳ, ಇನ್ನೊಂದು ಮಗ್ಗುಲಲ್ಲಿ ಮೂರು ಸಣ್ಣ ಹಳ್ಳ, ಅವೂ ಒಂದರ ಹಾಗೆ ಒಂದಿಲ್ಲ. ಇಲಿ ಕಡಿದದ್ದೋ, ಹಡಗಿನಲ್ಲಿ ಉಪ್ಪುನೀರು ತಿಂದದ್ದೋ, ಇಲ್ಲಾ ಕಲಿಯುತ್ತಿದ್ದ ಹುಡುಗ ಯಾರೋ ಕೆಡಿಸಿದ್ದೋ ಎಂದು ಗಿರೀಶ ಯೋಚಿಸಿದ.

ಸುಜಾತಾ ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸಕ್ಕಿದ್ದಳು. ಒಂದು ಸಂಜೆ ಚಹಾ ಕೊಡಲು ಬಂದವಳು ಹಿಡಿಯನ್ನು ಎತ್ತಿಕೊಂಡು ಹಾಗೂ ಹೀಗೂ ತಿರುಗಿಸಿದಳು.

"ರೀ, ಇದು ಕೈಗೆ ಕೂರತ್ತೆ ನೋಡಿ. ಬೆರಳು ತಾವಾಗೇ ಹೋಗಿ ಮಲಗ್ತವೆ. ಹೆಬ್ಬೆರಳು ಮಾತ್ರ ಅಲ್ಲಿಗಂಟ ಎಟುಕಲ್ಲ. ಇದನ್ನ ಹಿಡೀತಿದ್ದೋಳು ನನಗಿಂತ ದೊಡ್ಡ ಕೈಯೋಳು."

"ಹಿಡೀತಿದ್ದೋಳು ಅಂತ ನಿನಗ್ಯಾರು ಹೇಳಿದ್ರು? ಅವರ ದೇಶದಲ್ಲಿ ಗಂಡಸ್ರಿರ್ಲಿಲ್ವಾ?"

"ಗಂಡಸ್ರು ಇಷ್ಟು ಒಪ್ಪವಾಗಿ ಹಿಡ್ಕೊಳ್ಳೋದು ಇಸ್ಪೀಟೆಲೆ ಒಂದೇ ಬಿಡಿ."

ಬೇರೆ ದಿನವಾಗಿದ್ದರೆ ಅವನು ನಗುತ್ತಿದ್ದ. ಅಂದು ಮೇಸ್ತ್ರಿ ಎಲ್ಲರ ಎದುರು, ಗ್ಯಾರಿ ನಿದ್ದೆ ಮಾಡುತ್ತಾ ಕೊಯ್ಯುತ್ತಾನೆ ಎಂದು ಆಡಿಕೊಂಡಿದ್ದ. "ಇಡು ಕೆಳಗೆ. ನಿನಗೇನು ಗೊತ್ತು ದಂತದ ಕೆಲಸ? ಬೆಡ್‌ಶೀಟ್ ಒಗೆದ ಹಾಗಲ್ಲ ಇದು."

ಸುಜಾತಾ ಹಿಡಿಯನ್ನು ಹತ್ತಿಯ ಮೇಲೆ ಮೆಲ್ಲಗೇ ಇಟ್ಟಳು. "ಒಗೆದೇ ಈ ಮನೆ ರೆಂಟು ಕಟ್ತಿರೋದು" ಎಂದು, ಚಹಾದ ಲೋಟವನ್ನು ವಾಪಸ್ಸು ತೆಗೆದುಕೊಂಡು ಹೊರಟುಹೋದಳು.

ಅವಳು ಹೇಳಿದ್ದು ತಲೆಯೊಳಗೆ ಸ್ವಲ್ಪ ಹೊತ್ತು ಆಡಿತು. ಊರಿನಲ್ಲಿ ಅವ್ವನ ಕುಡುಗೋಲಿನ ಹಿಡಿಯೂ ಒಂದು ಕಡೆ ಸವೆದಿತ್ತು, ಅದನ್ನು ಬೇರೆಯವರು ಹಿಡಿದರೆ ಕೈ ನೋಯುತ್ತಿತ್ತು. ಆದರೆ ಅದು ಕುಡುಗೋಲು, ಇದು ದಂತ. ಅದಕ್ಕಿಂತ ಹೆಚ್ಚಾಗಿ, ಎಷ್ಟೋ ವರ್ಷದ ಮೇಲೆ ಅವನ ಕೈಗೆ ಒಂದು ಹಳ್ಳ ಸಿಕ್ಕಿತ್ತು, ತುಂಬುವುದಕ್ಕೆ. ಹೊರಡುವಾಗ ಅಪ್ಪ ಕೊಟ್ಟಿದ್ದ ಆನೆದಂತದ ಚೂರುಗಳನ್ನು ಟ್ರಂಕಿನ ತಳದಿಂದ ತೆಗೆದ. ಒಂದೊಂದು ಹಳ್ಳಕ್ಕೂ ಒಂದೊಂದು ಚೂರನ್ನು ಅರದಿಂದ ರಾವಿ, ಸರಿಹೋಗುವವರೆಗೂ ಮತ್ತೆ ಮತ್ತೆ ಕೂರಿಸಿ ನೋಡಿದ. ಮೂಳೆಯ ಅಂಟನ್ನು ಕಾಯಿಸಿ ಹಚ್ಚಿ, ದಾರ ಸುತ್ತಿ ಒಣಗಿಸಿ, ಬಿಚ್ಚಿ ಉಜ್ಜಿದ. ಸೊಟ್ಟಗಿದ್ದದ್ದು ಮೊಟ್ಟೆಯ ಹಾಗೆ ನುಣುಪಾಗಿ, ಎರಡೂ ಮಗ್ಗುಲು ಸಮನಾಗಿ ನಿಂತಿತು. ಕಣ್ಣು ಮುಚ್ಚಿಕೊಂಡು ಉಗುರು ಎಳೆದ. ಎಲ್ಲೂ ತಡೆಯಲಿಲ್ಲ. ಅಪ್ಪ ಇದ್ದಿದ್ದರೆ, ಏನೂ ಅನ್ನದೆ ಎದ್ದುಹೋಗುತ್ತಿದ್ದ. ಅದು ಅವನ ಶಹಭಾಸ್‌ಗಿರಿ.

ಪೆಟ್ಟಿಗೆಯನ್ನು ಡಾಕ್ಟರಿಗೆ ಕಳಿಸಿದ ಮೇಲೆ ಸಿಡ್ನಿಗೆ ಬಾ ಎಂದು ಕರೆ ಬಂದದ್ದು ಆಗಸ್ಟಿನಲ್ಲಿ. "ಶನಿವಾರ ಪೀಟರ್ ಬರ್ತಾನೆ, ನೀನೂ ಇರ್ಬೇಕು" ಎಂದಿದ್ದರು ಡಾಕ್ಟರು. ಸುಜಾತಾ ಮದುವೆಯ ಕೋಟಿಗೆ ಇಸ್ತ್ರಿ ಹಾಕಿದಳು. "ಈ ಸಲ ಆದ್ರೆ ಅಲ್ಲೇ ಮನೆ ಹುಡುಕ್ಕೊಂಡೇ ಬನ್ನಿ" ಎಂದಳು. ಸೋಪಿನ ಮದ್ದಿಗೆ ಬಿರಿದ ಕೈಗೆ ಮುಲಾಮು ಹಚ್ಚಿಕೊಂಡಿದ್ದಳು. ಕೋಟಿಗೆ ಮುಲಾಮಿನ ಕಲೆ ಆಗದಿರಲೆಂದು ಪ್ಲಾಸ್ಟಿಕ್ ಚೀಲ ಸುತ್ತಿಕೊಂಡೇ ಇಸ್ತ್ರಿ ಹಿಡಿದಿದ್ದಳು.

ಸಿಡ್ನಿಯ ಲಿವರ್‌ಪೂಲ್ ಬಡಾವಣೆಯಲ್ಲಿದ್ದ ಡಾಕ್ಟರ ಮನೆ ದೊಡ್ಡ ಇಟ್ಟಿಗೆಯ ಮನೆ. ಊರ್ಮಿಳಾ, ಡಾಕ್ಟರ ಹೆಂಡತಿ, ಚಕ್ಕುಲಿ, ಕೇಸರಿಬಾತ್ ಹರವಿಟ್ಟಿದ್ದರು. ಕಿಟಕಿಯ ಬಳಿ ಹೊಸ ಗಾಜಿನ ಪೆಟ್ಟಿಗೆ. ಕೆಂಪು ಮಖಮಲ್ಲಿನ ಮೇಲೆ ಬಿಳಿ ತುಂಡುಗಳು ಆಭರಣದಂಗಡಿಯ ಸಾಮಾನಿನ ಹಾಗೆ ಮಿನುಗುತ್ತಿದ್ದವು. ಡಾಕ್ಟರು ಗಿರೀಶನ ಬೆನ್ನಿಗೆ ಗುದ್ದಿದರು. "ಏನ್ ಕೈ ಕಣೋ ನಿಂದು! ರಾಕ್ಷಸ!"

ಪೀಟರ್ ಒಬ್ಬನೇ ಬರಲಿಲ್ಲ. ಜೊತೆಯಲ್ಲಿ ಅರವತ್ತು ದಾಟಿದ ಒಬ್ಬ ಹೆಂಗಸು ಇದ್ದಳು. ಗಿಡ್ಡ, ಗಟ್ಟಿ ಆಳು. ಕತ್ತರಿಸಿದ ನರೆಗೂದಲು, ಕೊರಳಲ್ಲಿ ದಾರಕ್ಕೆ ಕಟ್ಟಿದ ಕನ್ನಡಕ. ಹೆಸರು ಆಗ್ನೆಸ್. ಕೆನಡಾದ ಉತ್ತರದ ತುದಿಯಲ್ಲಿ, ಮಂಜಿನ ಸಮುದ್ರದ ದಂಡೆಯ ಊರಿನಲ್ಲಿ ಶಾಲೆಯ ಟೀಚರು. ಸಿಡ್ನಿಯಲ್ಲಿ ಯಾವುದೋ ಸಭೆಗೆ ಬಂದಿದ್ದಾಳೆ, ತಮ್ಮವರ ಸಾಮಾನು ಇದೆ ಎಂದು ತಿಳಿದು ನೋಡಲು ಬಂದಳು ಎಂದು ಪೀಟರ್ ಹೇಳಿದ.

"ಓಹೋ, ಎಸ್ಕಿಮೊ!" ಎಂದು ಡಾಕ್ಟರು ಎರಡೂ ಕೈ ಚಾಚಿದರು.

"ಇನುಯಿಟ್" ಎಂದು ತಿದ್ದಿದಳು ಆಗ್ನೆಸ್, ಕೈ ಕುಲುಕುತ್ತಾ. ಗಿರೀಶನಿಗೆ ಅವಳು ಆ ಕ್ಷಣಕ್ಕೆ ಬಹಳ ಹಿಡಿಸಿದಳು. ಆರು ವರ್ಷವಾದರೂ ತಾನು ಮೇಸ್ತ್ರಿಯನ್ನು ಬಿಡದೆ ತಿದ್ದಬೇಕಾಗಿತ್ತು ಎಂದುಕೊಂಡ.

ಚಕ್ಕುಲಿ ತಿಂದು, ಚೆನ್ನಾಗಿದೆ ಎಂದು ಇನ್ನೊಂದು ಈಸಿಕೊಂಡು, ಆಗ್ನೆಸ್ ಕೈ ಒರೆಸಿಕೊಂಡು ಗಾಜಿನ ಪೆಟ್ಟಿಗೆಯ ಹತ್ತಿರ ಹೋದಳು. ಡಾಕ್ಟರು ಮುಚ್ಚಳ ಎತ್ತಿದರು. ಅವಳು ಸೀಳುಗನ್ನಡಕವನ್ನು ತೆಗೆದು ಮೂಗಿನ ಹತ್ತಿರ ಹಿಡಿದಳು. ಕಣ್ಣಿಗಿಟ್ಟುಕೊಳ್ಳುತ್ತಾಳೆಂದು ಎಲ್ಲರೂ ಕಾದರು. ಅವಳು ಮೂಸಿ ಕೆಳಗಿಟ್ಟಳು. ಸೂಜಿಗೂಡನ್ನೂ ಮೂಸಿದಳು. ಭರ್ಜಿಯ ಮೊನೆಯನ್ನೂ ಮೂಸಿದಳು. ಮುಖದಲ್ಲಿದ್ದ ಸಂಭ್ರಮ ಒಂದೊಂದು ತುಂಡಿಗೂ ಸ್ವಲ್ಪ ಸ್ವಲ್ಪ ಇಳಿಯಿತು.

ಆಮೇಲೆ ಹಿಡಿಯನ್ನು ಎತ್ತಿಕೊಂಡಳು. ತುದಿಯ ಸೀಳನ್ನು ನೋಡಿದ್ದೇ ಅದೇನೆಂದು ಅವಳಿಗೆ ತಿಳಿಯಿತು. ಬಲಗೈಯಲ್ಲಿ ಹಿಡಿದಳು, ಎಡಗೈಗೆ ಬದಲಿಸಿದಳು, ಮತ್ತೆ ಬಲಗೈಗೆ ತಂದಳು. ಬೆರಳುಗಳು ಕತ್ತಲ ಕೋಣೆಯಲ್ಲಿ ಬಾಗಿಲ ಅಗಳಿ ತಡಕುವ ಹಾಗೆ ನುಣುಪಿನ ಮೇಲೆ ಓಡಾಡಿದವು.

"ಇದರ ಹೆಬ್ಬೆರಳು ಎಲ್ಲಿ?" ಎಂದಳು.

ಯಾರಿಗೂ ಅರ್ಥವಾಗಲಿಲ್ಲ. ಗಿರೀಶನಿಗೆ ಮಾತ್ರ ಆಯಿತು. ಸುಜಾತಾಳ ಹೆಬ್ಬೆರಳು ಎಟುಕದ ಆ ಹಳ್ಳ ಕಣ್ಣ ಮುಂದೆ ಬಂತು.

"ಇದು ತೊಗಲು ಹೆರೆಯೋ ಉಳಿಯ ಹಿಡಿ" ಆಗ್ನೆಸಳ ದನಿ ಏರಿತು. "ಮದುವೆಯಾದ ಹುಡುಗ ಹೆಂಡತಿಯ ಕೈ ನೋಡಿ ನೋಡಿ ಇದನ್ನು ಕೊರೀತಿದ್ದ. ಇಲ್ಲಿ ಅವಳ ಹೆಬ್ಬೆರಳು, ಇಲ್ಲಿ ಇಲ್ಲಿ ಇಲ್ಲಿ ಅವಳ ಬೆರಳು. ಒಬ್ಬಳ ಹಿಡಿ ಇನ್ನೊಬ್ಬಳಿಗೆ ಆಗೋದಿಲ್ಲ. ನನ್ನಜ್ಜಿಯದು ನನ್ನಮ್ಮನಿಗೆ ಆಗ್ತಿರಲಿಲ್ಲ. ಆ ಹೆಂಗಸಿನ ಹೆಸರು ಯಾರೂ ಬರೆದಿಡಲಿಲ್ಲ, ಮುಖ ಯಾರೂ ನೋಡಿಲ್ಲ. ಅವಳ ಕೈ ಒಂದು ಉಳಿದಿತ್ತು. ಅದನ್ನೂ ಮುಚ್ಚಿ ಹಾಕಿದ್ದೀರಿ. ಯಾರು ಮಾಡಿದ್ದು ಇದನ್ನು?"

ಪೀಟರ್ ಹಿಡಿಯನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದ. ಅವನ ಮುಖ ಬಿಗಿಯಿತು. "ಡಾಕ್ಟರ್, ಇದು ನಿಮಗೆ ಹೀಗೇ ಸಿಕ್ಕಿದ್ದಾ?"

"ಹೀಗೇ" ಎಂದರು ಡಾಕ್ಟರು, ಒಂದು ಉಸಿರೂ ತಡೆಯದೆ. "ಆ ಹಡಗಿನ ಡಾಕ್ಟರ ಮನೆಯವರು ಮಾಡಿಸಿರಬೇಕು. ಹಳೇ ಕಾಲದ ಇಂಗ್ಲಿಷರು, ಬೆಳ್ಳಿ ಚಮಚ ಉಜ್ಜೋ ಹಾಗೆ ಎಲ್ಲಾನೂ ಉಜ್ಜೋರು. ನನಗೂ ನೋಡಿ ಬೇಜಾರಾಯ್ತು."

ಹೇಳುತ್ತಲೇ, ಮುಖದ ಮೇಲಿನ ನಗು ಸಡಿಲವಾಗದಂತೆ, ಕಾಫಿ ಬೇಕಾ ಎಂದು ಕೇಳುವ ದನಿಯಲ್ಲಿ, ಗಿರೀಶನ ಕಡೆ ತಿರುಗಿ ಕನ್ನಡದಲ್ಲಿ ಅಂದರು: "ಸುಮ್ನಿರು. ಒಂದಕ್ಷರ ಮಾತಾಡ್ಬೇಡ. ನಿನ್ನ ಕೆಲಸಕ್ಕೇ ಕಣೋ ಹೇಳ್ತಿರೋದು."

"ಮೂರ್ಖರು" ಎಂದಳು ಆಗ್ನೆಸ್. "ತಗೊಂಡು ಹೋದದ್ದು ಸಾಲದು ಅಂತ, ಹೆಣ ತೊಳೆದ ಹಾಗೆ ತೊಳೆದಿದ್ದಾರೆ. ಕೈಯಿದ್ದವರು ಯಾರೂ ಹೀಗೆ ಮಾಡೋದಿಲ್ಲ. ಕೈಯಿಲ್ಲದವರ ಕೆಲಸ ಇದು."

ಆ ಮಾತು ಗಿರೀಶನಿಗೆ ಕೆನ್ನೆಗೆ ಹೊಡೆದ ಹಾಗೆ ತಾಗಿತು. ಅವಳ ಮೇಲೆ ಸಿಟ್ಟು ಬಂತು: ಕೈಯಿಲ್ಲದವನಾ ನಾನು? ಡಾಕ್ಟರ ಮೇಲೆ ಬಂತು: ಹೊಳೆಯಬೇಕು ಎಂದ ಬಾಯಿ ಎಷ್ಟು ಸಲೀಸಾಗಿ ತಿರುಗಿತು! ಎಲ್ಲಕ್ಕಿಂತ ಹೆಚ್ಚಾಗಿ ತನ್ನ ಮೇಲೆ ಬಂತು. ಆದರೂ ಬಾಯಿ ಬಿಡಲಿಲ್ಲ. ಸುಮ್ಮನಿದ್ದರೆ ಆಯಿತು. ಯಾವನೋ ಸತ್ತ ಇಂಗ್ಲಿಷಿನವನ ಮೇಲೆ ಹೋಗುತ್ತದೆ. ಅವನಿಗೇನು ನಷ್ಟ? ಸುಜಾತಾ ಪ್ಲಾಸ್ಟಿಕ್ ಚೀಲದಲ್ಲಿ ಕೈ ಸುತ್ತಿಕೊಂಡು ಇಸ್ತ್ರಿ ಹಾಕಿದ ಕೋಟು ಹೆಗಲ ಮೇಲೆ ಭಾರವಾಗಿ ಕೂತಿತ್ತು.

ಆಗ ಪೀಟರ್ ಅವನ ಕಡೆ ತಿರುಗಿದ. "ನೀವೇ ಅಲ್ಲವಾ ದಂತದ ಕೆಲಸದವರು? ಡಾಕ್ಟರು ಬಹಳ ಹೇಳಿದ್ದಾರೆ. ನೋಡಿ ಹೇಳಿ. ಈ ತುಂಬಿದ್ದು ಎಷ್ಟು ಹಳೇದಿರಬಹ್ದು?" ಎಂದು ಹಿಡಿಯನ್ನು ಅವನ ಅಂಗೈಯಲ್ಲಿಟ್ಟ.

"ನೂರು ವರ್ಷ ಅನ್ನು" ಎಂದರು ಡಾಕ್ಟರು, ಕನ್ನಡದಲ್ಲಿ.

ಗಿರೀಶ ಹಿಡಿಯನ್ನು ನೋಡಿದ. ಸಂದು ಎಲ್ಲಿದೆ ಎಂದು ಅವನಿಗಲ್ಲದೆ ಭೂಮಿಯ ಮೇಲೆ ಇನ್ಯಾರಿಗೂ ಗೊತ್ತಾಗುವ ಹಾಗಿರಲಿಲ್ಲ. ಅಷ್ಟು ಚೆನ್ನಾಗಿತ್ತು. ಅಷ್ಟು ಚೆನ್ನಾಗಿದ್ದದ್ದನ್ನು ಕೈಯಿಲ್ಲದ ಯಾವನೋ ಮಾಡಿದ ಎಂದು ತನ್ನ ಬಾಯಿಂದಲೇ ಹೇಳಬೇಕಾಗಿತ್ತು.

"ಜುಲೈ" ಎಂದ. ಇಂಗ್ಲಿಷು ತೊಡರಿತು. "ಹೋದ ತಿಂಗಳು. ನಾನು ಮಾಡಿದ್ದು. ಎಲ್ಲ ನಾನೇ."

ಊರ್ಮಿಳಾ ಅವರ ಕೈಯಲ್ಲಿದ್ದ ತಟ್ಟೆ ಮೇಜಿಗೆ ತಾಗಿ ಸದ್ದಾಯಿತು.

"ತಲೆ ಕೆಟ್ಟಿದೆಯೇನೋ ನಿನಗೆ?" ಡಾಕ್ಟರ ಮುಖ ಕೆಂಪೇರಿತು. "ಬೋ... ಏನೋ ಇದು?"

"ಬೈರಿ ಡಾಕ್ಟ್ರೇ, ಪೂರ್ತಿ ಬೈರಿ. ಹೊಳೀಬೇಕು ಅಂದೋರು ನೀವು. ಅದನ್ನ ನಾನು ಹೇಳ್ತಿಲ್ಲ. ಹಳ್ಳ ತುಂಬಿದ್ದು ನಾನು, ಅದು ನಂದೇ." ಆಗ್ನೆಸಳ ಕಡೆ ತಿರುಗಿದ. ಮಾತು ಕಲ್ಲು ಎತ್ತಿ ಹಾಕಿದ ಹಾಗೆ ಒಂದೊಂದಾಗಿ ಬಿತ್ತು. "ಮೇಡಂ, ನನಗೆ ಕೈಯಿದೆ. ಇದು ಕೆಟ್ಟ ಕೆಲಸ ಅಲ್ಲ. ಒಳ್ಳೇ ಕೆಲಸ. ತಪ್ಪು ಕೆಲಸ."

"ಇದನ್ನು ಹಿಡಿದಿದ್ದವಳಿಗೆ ಎರಡೂ ಒಂದೇ" ಎಂದಳು ಆಗ್ನೆಸ್. ಅವಳ ಕಣ್ಣು ತುಂಬಿರಲಿಲ್ಲ, ಉರಿಯುತ್ತಿತ್ತು. "ಇಲಿ ತಿಂದಿದ್ದರೆ ಇದಕ್ಕಿಂತ ವಾಸಿ. ಇಲಿ ಕೈ ಮುಚ್ಚಿ ಹಾಕ್ತಿರಲಿಲ್ಲ."

ಗಿರೀಶ ಅಡುಗೆಮನೆಯ ಕಡೆ ನೋಡಿದ. "ಊರ್ಮಿಳಕ್ಕ, ಸ್ವಲ್ಪ ಬಿಸಿನೀರು, ಒಂದು ಮೆತ್ತನೆ ಬಟ್ಟೆ ಕೊಡಿ."

"ನನ್ನ ವಸ್ತು ಅದು!" ಡಾಕ್ಟರು ಕೂಗಿದರು. "ನಾನು ದುಡ್ಡು ಕೊಟ್ಟು ತಂದಿದ್ದು. ಮುಟ್ಟಿದ್ರೆ ನೋಡು."

ಪೀಟರನೂ ಬೇಡವೆಂದ. ಇಲ್ಲಿ ಬೇಡ, ಹೀಗೆ ಬೇಡ, ಇನ್ನಷ್ಟು ಹಾಳಾಗಬಹುದು ಎಂದು ಅಡ್ಡ ಬಂದ. ಆಗ್ನೆಸ್ ಅವರಿಬ್ಬರ ಮತ್ತು ಗಿರೀಶನ ನಡುವೆ ಬಂದು ನಿಂತಳು. ಗಿಡ್ಡ ಹೆಂಗಸು, ಆದರೆ ಅವಳನ್ನು ಸರಿಸಿ ಮುಂದೆ ಹೋಗಲು ಇಬ್ಬರಿಗೂ ಧೈರ್ಯವಾಗಲಿಲ್ಲ. "ತೆಗೀಲಿ. ನನ್ನ ಎದುರಿಗೇ ತೆಗೀಲಿ" ಎಂದಳು. ಊರ್ಮಿಳಾ ಗಂಡನ ಮುಖ ನೋಡದೆ ನೀರು ತಂದಿಟ್ಟರು.

ಬಟ್ಟೆಯನ್ನು ಬಿಸಿನೀರಿನಲ್ಲಿ ಅದ್ದಿ, ಹಿಂಡಿ, ಗಿರೀಶ ಹಿಡಿಗೆ ಸುತ್ತಿದ. ಆರಿದಾಗ ಮತ್ತೆ ಅದ್ದಿ ಸುತ್ತಿದ. ಮೂಳೆಯ ಅಂಟು ನಿಧಾನಕ್ಕೆ ಕರಗಿ, ಅದರ ನಾತ ಎದ್ದು ಕೇಸರಿಬಾತಿನ ಘಮವನ್ನು ಮುಚ್ಚಿತು. ಉಗುರು ಕೊಟ್ಟು ಒತ್ತಿದ. ಮೊದಲ ಚೂರು ಕಳಚಿಕೊಂಡು ಬಂತು. ಆಮೇಲೆ ಎರಡನೆಯದು, ಮೂರನೆಯದು. ಹೆಬ್ಬೆರಳಿನ ಚೂರು ಬಹಳ ಹೊತ್ತು ಹಟ ಹಿಡಿಯಿತು; ಅದನ್ನು ಅವನು ಎಲ್ಲಕ್ಕಿಂತ ಚೆನ್ನಾಗಿ ಕೂರಿಸಿದ್ದ. ಕೊನೆಗೆ ಅದೂ ಬಂತು. ಅಂಟಿನ ಲೋಳೆಯನ್ನು ಒರೆಸಿ, ಹಿಡಿಯನ್ನು ಎರಡು ಕೈಯಲ್ಲಿ ಆಗ್ನೆಸಳಿಗೆ ಕೊಟ್ಟ.

ಅವಳು ಬಲಗೈಯಲ್ಲಿ ಹಿಡಿದಳು. ಬೆರಳುಗಳು ಈಗ ದಾರಿ ಕಂಡವು. ಹೆಬ್ಬೆರಳು ಹಳ್ಳದೊಳಗೆ ಇಳಿಯಿತು, ಪೂರ್ತಿ ಅಲ್ಲ, ಮುಕ್ಕಾಲು. ತೊಗಲನ್ನು ತೊಡೆಯ ಮೇಲೆ ಹಾಸಿಕೊಂಡವಳ ಹಾಗೆ ಅವಳು ಗಾಳಿಯಲ್ಲಿ ಒಮ್ಮೆ ಮುಂದಕ್ಕೆ ತಳ್ಳಿದಳು. ಹಿಡಿ ಬೆರಳುಗಳಿಂದ ಜಾರಿತು. ಮತ್ತೆ ಬಿಗಿದು ಹಿಡಿದು ತಳ್ಳಿದಳು. ಮತ್ತೆ ಜಾರಿತು.

"ಜಾರುತ್ತೆ" ಎಂದಳು. "ಕೊಬ್ಬು ಹತ್ತಿದ ಕೈಯಲ್ಲಿ ಹಿಡಿಯೋದು ಇದನ್ನ. ಜಾರಬಾರದು. ಅವಳ ಕೈಯ ಒರಟು ಇತ್ತು ಒಳಗೆ, ಅವಳು ಹೆರೆದ ಪ್ರಾಣಿಗಳ ವಾಸನೆ ಇತ್ತು. ಅದನ್ನ ವಾಪಸ್ಸು ತರ್ತೀಯಾ?"

"ಇಲ್ಲ. ಅದು ಹೋಯ್ತು."

ಅವಳು ಮೇಜಿನ ಮೇಲೆ ಬಿದ್ದಿದ್ದ ಚೂರುಗಳನ್ನು ಬೆರಳ ತುದಿಯಲ್ಲಿ ಗುಡ್ಡೆ ಮಾಡಿ ಅವನ ಕಡೆ ತಳ್ಳಿದಳು. "ಇವು ನಮ್ಮವಲ್ಲ. ತಗೋ." ಆಮೇಲೆ ಹಿಡಿಯನ್ನು ತನ್ನ ಕರವಸ್ತ್ರದಲ್ಲಿ ಸುತ್ತಿ ಪೀಟರನ ಕೈಗಿಟ್ಟು, "ನಿಮ್ಮ ಮ್ಯೂಸಿಯಂ ಇದನ್ನು ಯಾವ ಗಾಜಿನ ಹಿಂದೆಯೂ ಇಡಬಾರದು. ನಾಳೆ ನಮ್ಮ ಊರಿನವರ ಜೊತೆ ಮಾತಾಡಿ" ಎಂದಳು. ಪೀಟರ್ ತಲೆಯಾಡಿಸಿದ. ಹೊರಡುವಾಗ ಅವನು ಗಿರೀಶನ ಕೈ ಕುಲುಕಿದ. ಕೆಲಸದ ಮಾತು ಎತ್ತಲಿಲ್ಲ. ಎತ್ತುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಅವರ ಕಾರು ತಿರುವು ದಾಟುವವರೆಗೂ ಕಾದು ಡಾಕ್ಟರು ಅಂಗಳದಲ್ಲೇ ಶುರುಮಾಡಿದರು.

"ನಿನಗೋಸ್ಕರ ಕಣೋ ಸುಳ್ಳು ಹೇಳಿದ್ದು! ನನಗೇನು ಬೇಕಾಗಿತ್ತು? ನನ್ನ ಮರ್ಯಾದೆ ಮೂರು ಕಾಸಿಗೆ ತಂದ್ಬಿಟ್ಟೆ. ಕನ್ನಡ ಸಂಘದಲ್ಲಿ ಇನ್ನು ಯಾರಿಗೆ ಮುಖ ತೋರಿಸ್ಲಿ? ಆ ಮುದುಕಿ ಇವತ್ತು ಬಂದಳು, ನಾಳೆ ಹೋಗ್ತಾಳೆ. ನಾವು ಇಲ್ಲಿ ಇರ್ಬೇಕಾದೋರು."

"ನನಗೋಸ್ಕರ ಅಲ್ಲ ಡಾಕ್ಟ್ರೇ. ಹೆಸರು ಹಾಕಿಸ್ಕೊಂಡು ದಾನ ಕೊಡ್ಬೇಕಾಗಿತ್ತಲ್ಲ, ಅದಕ್ಕೆ."

"ಓಹೋ! ಮಾತು ಕಲಿತ್ಯಾ? ಹೊಟ್ಟು ಕೊಯ್ಯೋನಿಗೆ ಮ್ಯೂಸಿಯಂ ಬಾಗಿಲು ತೆಗೆಸಿದೆ ನಾನು!"

"ತೆಗೆಸಿದ್ರಿ. ನಾನು ಮುಚ್ಕೊಂಡೆ. ಅದರ ಸಿಟ್ಟು ನನಗಿರ್ಲಿ, ನಿಮಗ್ಯಾಕೆ?" ಗಿರೀಶ ಜನ್ಮದಲ್ಲಿ ಒಬ್ಬ ಡಾಕ್ಟರಿಗೆ ಎದುರಾಡಿದವನಲ್ಲ. "ನನ್ನ ಕೆಲಸಕ್ಕೆ ಸತ್ತೋರ ಹೆಸರು ಹಚ್ಚಬೇಡಿ. ಕೆಟ್ಟಿದ್ರೂ ನಂದೇ ಅದು."

ಊರ್ಮಿಳಾ ಬಾಗಿಲಿಗೆ ಬಂದು, ಎಲೆ ಹಾಕಿದ್ದೀನಿ, ಉಂಡುಕೊಂಡು ಹೋಗಿ ಎಂದರು. ಗಿರೀಶ ಅವರಿಗೆ ಕೈ ಮುಗಿದು ಗೇಟು ದಾಟಿದ. ಹಿಂದಿನಿಂದ ಡಾಕ್ಟರು ಹೆಂಡತಿಗೆ ಬೈಯುವುದು ಬೀದಿಯ ತುದಿಯವರೆಗೂ ಕೇಳಿಸಿತು, ಬಿಸಿನೀರು ಯಾಕೆ ಕೊಟ್ಟೆ ಎಂದು.

ಲಿವರ್‌ಪೂಲ್ ಸ್ಟೇಷನ್ನಿನ ಪಬ್ಲಿಕ್ ಫೋನಿನಿಂದ ಮನೆಗೆ ಫೋನ್ ಮಾಡಿದ.

"ಏನಾಯ್ತು ರೀ?" ಸುಜಾತಾ ಫೋನಿನ ಪಕ್ಕದಲ್ಲೇ ಕೂತಿದ್ದಳೆಂದು ಕಾಣುತ್ತದೆ.

"ಹೋಯ್ತು."

"ಏನು ಹೋಯ್ತು? ಇರೋ ಕೆಲಸವಾ, ಬರಬೇಕಾಗಿದ್ದಾ?"

"ಬರಬೇಕಾಗಿದ್ದು."

ಅವನು ಹೇಳಿದ. ಮುಚ್ಚಿಡದೆ ಎಲ್ಲವನ್ನೂ, ಹಿಡಿ ಜಾರಿದ್ದನ್ನೂ ಹೇಳಿದ.

"ಸುಮ್ನೆ ಇದ್ದಿದ್ರೆ ಆಗ್ತಿತ್ತಲ್ಲ?" ಕೊನೆಗೆ ಕೇಳಿದಳು.

"ಆಗ್ತಿತ್ತು."

"ಮತ್ತೆ?"

"ಆಗ್ಲಿಲ್ಲ ಕಣೆ."

"ಆಗ್ಲಿಲ್ಲ! ನನಗೆ ಆಗತ್ತಾ? ನಾಳೆ ಬೆಳಗಾದ್ರೆ ರೋಗದೋರ ಬಟ್ಟೇಲಿ ಕೈ ಅದ್ಬೇಕಲ್ಲ, ನನಗೆ ಆಗತ್ತಾ? ಒಂದು ಸುಳ್ಳು ನುಂಗಕ್ಕಾಗ್ಲಿಲ್ವಾ ನಿಮಗೆ? ನಾನು ದಿನಾ ಎಷ್ಟು ನುಂಗ್ತೀನಿ ಗೊತ್ತಾ ಅಲ್ಲಿ?" ಅವಳ ದನಿ ಒಡೆಯಿತು, ಮತ್ತೆ ಗಟ್ಟಿಯಾಯಿತು. "ಊಟ ಮಾಡಿದ್ರಾ?"

"ಇಲ್ಲ."

"ಅಷ್ಟು ದೊಡ್ಡ ಮನೆ, ಎಲೆ ಹಾಕಿದ್ರಂತೆ, ಊಟಾನೂ ಬಿಟ್ಟು ಬಂದ್ರಾ? ಊಟ ಏನ್ ರೀ ಮಾಡಿತ್ತು ನಿಮಗೆ?"

ಅಲ್ಲಿಂದ ಅವಳು ನಿಜವಾಗಿ ಬೈಯಲು ತೊಡಗಿದಳು. ಡಾಕ್ಟರನ್ನು, ಆ ಹಡಗಿನ ಡಾಕ್ಟರನ್ನು, ಈ ದೇಶಕ್ಕೆ ಕರೆಸಿಕೊಂಡ ತನ್ನ ಅಣ್ಣನನ್ನು, ಎಲ್ಲರಿಗಿಂತ ಹೆಚ್ಚಾಗಿ ಗಂಡನನ್ನು. ಮೆಲ್ಬರ್ನಿನ ಬಸ್ಸು ಹಿಡಿಯಲು ಅವನು ಹತ್ತಬೇಕಾಗಿದ್ದ ಸಿಟಿಯ ರೈಲು ಬಂದು, ಬಾಗಿಲು ತೆಗೆದು, ಮುಚ್ಚಿಕೊಂಡು ಹೋಯಿತು. ಗಿರೀಶ ರಿಸೀವರನ್ನು ಕಿವಿಯಿಂದ ದೂರ ಹಿಡಿಯಲಿಲ್ಲ. ಜೇಬಿನಲ್ಲಿದ್ದ ಚಿಲ್ಲರೆಯನ್ನೆಲ್ಲ ಒಂದೊಂದಾಗಿ ಹಾಕುತ್ತಾ, ಅವಳು ಮುಗಿಸುವವರೆಗೂ ಕೇಳಿದ.